ಎಕಿನೇಶಿಯಾ ಬೆಳೆಯುವ ಮೊದಲು ಬದುವಿನ ಕುಸುಬಿ ನೋಡಿ

"ಸರ, ಎಕಿನೇಶಿಯಾ ಅಂತ ಔಷಧಿ ಹೂ ಅದ ಅಂತಲ್ರಿ, ನಮ್ಮ ಎರಿ ಹೊಲದಾಗ ಬರ್ತದೇನ್ರಿ?"

ಸೇಡಂ, ಚಿತ್ತಾಪುರ ಕಡೆಯ ಹುಡುಗರಿಂದ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಮೊಬೈಲ್‌ನಲ್ಲಿ ಚಂದದ ನೇರಳೆ ಹೂವಿನ ವಿಡಿಯೋ ನೋಡಿರುತ್ತಾರೆ. ಕೆಲವರಿಗೆ ಫೋನೂ ಬಂದಿದೆ: ಸಸಿ ನಾವೇ ಕೊಡ್ತೀವಿ, ಬೇರು ನಾವೇ ವಾಪಸ್ ಕೊಳ್ತೀವಿ, ಅರ್ಧ ದುಡ್ಡು ಮೊದಲೇ ಹಾಕಿ. ದುಡ್ಡು ಹಾಕುವ ಮುಂಚೆ ಗಿಡದ ಸ್ವಭಾವ ತಿಳಿದುಕೊಳ್ಳಿ.

ಎಕಿನೇಶಿಯಾ ಉತ್ತರ ಅಮೆರಿಕದ ಹುಲ್ಲುಗಾವಲಿನ ಬಹುವಾರ್ಷಿಕ ಗಿಡ. ಚಳಿಗಾಲದಲ್ಲಿ ಮೇಲಿನ ಭಾಗ ಸತ್ತು, ಬೇರು ನೆಲದೊಳಗೆ ವಿಶ್ರಾಂತಿ ತೆಗೆದುಕೊಂಡು, ಬಿಸಿಲು ಬಂದ ಮೇಲೆ ಮತ್ತೆ ಚಿಗುರುವುದು ಅದರ ಪದ್ಧತಿ. ಬೇರು ಕೀಳಬೇಕಾದರೆ ಮೂರು, ನಾಲ್ಕು ವರ್ಷ ಕಾಯಬೇಕು. ಅದಕ್ಕೆ ಎಲ್ಲಕ್ಕಿಂತ ಆಗದಿದ್ದು ಬುಡದಲ್ಲಿ ನಿಂತ ನೀರು. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾಲಿಟ್ಟರೆ ಚಪ್ಪಲಿ ಒಳಗೇ ಉಳಿಯುತ್ತದೆ. ಶಹಾಬಾದ್, ವಾಡಿ ಕಡೆಯ ಎಷ್ಟೋ ಹೊಲಗಳಲ್ಲಿ ಮಣ್ಣಿನ ಕೆಳಗೆ ಫರ್ಸಿ ಕಲ್ಲಿನ ಹಾಸು ಬೇರೆ. ನೀರು ಇಳಿಯಲು ದಾರಿಯಿಲ್ಲ, ಬೇರು ಕೊಳೆಯುತ್ತದೆ. ಅದು ದಾಟಿದರೆ ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಬಿಸಿಲು ಕಾದಿರುತ್ತದೆ. ಮೂರು ವರ್ಷ ಇದೆಲ್ಲ ತಡೆದು ಬೇರು ಕೊಡುತ್ತದೆ ಅಂತ ನಂಬಿ ಎಕರೆಗಟ್ಟಲೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ತೊಡಕಿದೆ. ಔಷಧಿಗೆ ಬಳಕೆಯಾಗುವ ಎಕಿನೇಶಿಯಾ ಒಂದೇ ಜಾತಿಯಲ್ಲ, ಮೂರಿವೆ: ಪರ್ಪ್ಯೂರಿಯಾ, ಅಂಗುಸ್ಟಿಫೋಲಿಯಾ, ಪ್ಯಾಲಿಡಾ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಮಡಾಸ್ ಎಂಬ ಔಷಧಿ ತಯಾರಕ ಅಂಗುಸ್ಟಿಫೋಲಿಯಾ ಬೀಜ ಅಂತ ಅಮೆರಿಕದಿಂದ ತರಿಸಿದ್ದು, ಬೆಳೆದು ನೋಡಿದರೆ ಪರ್ಪ್ಯೂರಿಯಾ ಆಗಿತ್ತು. ಅಂಥವರಿಗೇ ಬೀಜ ಅದಲುಬದಲಾಗಿದೆ. ನಿಮಗೆ ಸಸಿ ಮಾರುವವನನ್ನು ಯಾವ ಜಾತಿ ಅಂತ ಕೇಳಿ, ಉತ್ತರ ಬರೆದು ಕೊಡಲು ಹೇಳಿ. ಕೊಳ್ಳುವ ಬೆಲೆ, ಯಾವ ವರ್ಷ ಕೊಳ್ಳುತ್ತಾರೆ, ಬೇರಿನ ತೇವಾಂಶ ಎಷ್ಟಿರಬೇಕು, ಮಾಲು ತಿರಸ್ಕರಿಸಿದರೆ ಏನು — ಇಷ್ಟೂ ಕಾಗದದ ಮೇಲೆ ಇರದಿದ್ದರೆ ಅದು ಸಸಿ ಮಾರುವ ವ್ಯಾಪಾರ, ಬೇರು ಕೊಳ್ಳುವ ವ್ಯಾಪಾರ ಅಲ್ಲ.

ಹೂವಿನ ಆಸೆಗೆ ನಾಲ್ಕು ಗಿಡ ಬೇಕೆಂದರೆ ಖಂಡಿತ ಬೆಳೆಸಿ ನೋಡಿ. ಚಿಂಚೋಳಿ ಕಡೆ ಕೆಂಪು ಮಣ್ಣಿದ್ದವರಿಗೆ ಸ್ವಲ್ಪ ಅನುಕೂಲ. ಉಳಿದವರು ಒಂದಡಿ ಎತ್ತರದ ಮಡಿ ಮಾಡಿ, ಮರಳು ಮತ್ತು ಎರೆಗೊಬ್ಬರ ಬೆರೆಸಿ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೆಲವು ವಾರ ಫ್ರಿಜ್‌ನಲ್ಲಿಟ್ಟು, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಟ್ರೇಯಲ್ಲಿ ಹಾಕಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಬೇಕು. ನೀರು ಬುಡದಿಂದ ಸ್ವಲ್ಪ ದೂರಕ್ಕೆ ಕೊಡಿ, ಗೊಬ್ಬರ ಕಡಿಮೆ ಹಾಕಿ. ಹೆಚ್ಚು ಗೊಬ್ಬರ ಕೊಟ್ಟರೆ ಕಾಂಡ ಉದ್ದಕ್ಕೆ ಬೆಳೆದು ಬಾಗುತ್ತದೆ.

ಈಗ ಅಸಲು ಮಾತು. ಎಕಿನೇಶಿಯಾ ಸೂರ್ಯಕಾಂತಿ ಕುಟುಂಬದ್ದು. ಅದೇ ಕುಟುಂಬದ, ಹೂವು ಔಷಧಿಗೂ ಬಣ್ಣಕ್ಕೂ ಆಗುವ, ಎರೆ ಭೂಮಿಗೆಂದೇ ಹುಟ್ಟಿದಂಥ ಗಿಡ ನಮ್ಮ ಹಿರಿಯರು ಬಿತ್ತುತ್ತಿದ್ದರು: ಕುಸುಬಿ. (ಕಾಂಗ್ರೆಸ್ ಹುಲ್ಲು ಕೂಡ ಅಮೆರಿಕದಿಂದ ಬಂದ ಇದೇ ಕುಟುಂಬದ ನೆಂಟ. ಅದಕ್ಕೆ ಮಾತ್ರ ನಮ್ಮ ಮಣ್ಣು ಚೆನ್ನಾಗಿ ಹಿಡಿಸಿದೆ, ಏನು ಮಾಡೋಣ.)

ಕಡಲೆ, ಬಿಳಿಜೋಳದ ಹೊಲದ ಸುತ್ತ ದನ ನುಗ್ಗದಂತೆ ಮುಳ್ಳು ಕುಸುಬಿ ಸಾಲು ಇರುತ್ತಿತ್ತು. ಈಗ ಬಹಳ ಕಡೆ ಆ ಸಾಲೂ ಹೋಗಿದೆ. ಮುಳ್ಳಿಗೆ ಆಳು ಸಿಗುವುದಿಲ್ಲ, ಹೇನಿನ ಕಾಟ, ಮೇಲೆ ಅಂಗಡಿಯಲ್ಲಿ ಅಗ್ಗದ ಎಣ್ಣೆ. ಆದರೆ ನಾವು ಲೆಕ್ಕ ಹಾಕಿದ್ದು ಬೀಜದ್ದು ಮಾತ್ರ, ಎಸಳನ್ನು ಹೊಲದಲ್ಲೇ ಉದುರಲು ಬಿಟ್ಟೆವು. ಚೀನಾದಲ್ಲಿ ಕುಸುಬಿ ಎಸಳು ಹಳೇ ಕಾಲದಿಂದ ಔಷಧಿ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಮುಳ್ಳಿಲ್ಲದ ನಾರಿ-6 ತಳಿ ಕೊಟ್ಟಿದ್ದಲ್ಲದೆ, ಎಸಳಿನ ಚಹಾದ ಬಗ್ಗೆಯೂ ಕೆಲಸ ಮಾಡಿದೆ.

ಬಿತ್ತನೆ ಮತ್ತು ಆರೈಕೆ

ಹೆಸರು ಅಥವಾ ಉದ್ದು ತೆಗೆದ ಹೊಲ ಕುಸುಬಿಗೆ ಒಳ್ಳೇದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳೊಳಗೆ ಹಸಿ ನೋಡಿ ಬಿತ್ತಿ. ತಡವಾದಷ್ಟೂ ಹೇನು ಜಾಸ್ತಿ. ಇದೊಂದನ್ನು ಮೊಬೈಲ್‌ನಲ್ಲಿ ಅಲಾರಂ ಇಟ್ಟಾದರೂ ಪಾಲಿಸಿ. ಎಕರೆಗೆ 4 ಕಿಲೋ ಬೀಜ ಸಾಕು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ. ಸಾಲಿನಿಂದ ಸಾಲಿಗೆ ಒಂದೂವರೆಯಿಂದ ಎರಡು ಅಡಿ ಬಿಡಿ. ಹೋದ ವರ್ಷ ಕುಸುಬಿ ಹಾಕಿದ ಜಾಗದಲ್ಲಿ ಈ ವರ್ಷ ಬೇಡ, ಸೊರಗು ರೋಗ ಮಣ್ಣಿನಲ್ಲೇ ಉಳಿದಿರುತ್ತದೆ.

15-20 ದಿನಕ್ಕೆ ಹೆಚ್ಚಾದ ಸಸಿ ಕಿತ್ತು ಗಿಡದಿಂದ ಗಿಡಕ್ಕೆ ಒಂದು ಗೇಣು ಅಂತರ ಮಾಡಿ. ಕಿತ್ತ ಸಸಿ ಎಸೆಯಬೇಡಿ, ಕುಸುಬಿ ಪಲ್ಯದ ರುಚಿ ಬಲ್ಲವರೇ ಬಲ್ಲರು. ಸುಮಾರು ಮೊದಲ ತಿಂಗಳು ಗಿಡ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಬೆಳೀತಾನೇ ಇಲ್ಲ ಅನ್ನಿಸುತ್ತದೆ. ಬೇರು ಕೆಳಗೆ ಇಳಿಯುತ್ತಿರುತ್ತದೆ. ಈ ಹೊತ್ತಿನಲ್ಲಿ ಎಡೆ ಹೊಡೆಯುವುದು ಬಿಡಬಾರದು. ಕಸ ಹೋಗುವುದರ ಜೊತೆ ಎರೆಯ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ. ನೀರಿದ್ದವರು ಬಿರುಕು ಬಿಡುವ ಮೊದಲೇ ಒಂದು ಹಗುರ ನೀರು ಕೊಡಬಹುದು. ಬಿರುಕು ಬಿಟ್ಟ ಮೇಲೆ ಕಟ್ಟಿ ನೀರು ಹಾಯಿಸಿದರೆ ಗಿಡ ಸೊರಗಿ ಸಾಯುವುದೇ ಹೆಚ್ಚು.

ಹೇನು ಮೊದಲು ಬರುವುದು ಬದುವಿನ ಪಕ್ಕದ ಗಿಡಗಳಿಗೆ, ಕುಡಿಯಲ್ಲಿ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ತನಕ ಕಾಯಬೇಡಿ, ಡಿಸೆಂಬರ್ ಶುರುವಿನಿಂದಲೇ ವಾರಕ್ಕೆ ಎರಡು ಸಲ ಬದು ಸುತ್ತಿ ಬನ್ನಿ. ಕಪ್ಪು ಹೇನು ಕಂಡ ಕುಡಿಯನ್ನು ಚಿವುಟಿ ಚೀಲಕ್ಕೆ ಹಾಕಿ ನಾಶ ಮಾಡಿ. ಹರಡುವ ಸೂಚನೆ ಇದ್ದರೆ 5 ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರು ಮಾಡಿ ಸಂಜೆ ಹೊತ್ತು ಸಿಂಪಡಿಸಿ. ಗುಲಗಂಜಿ ಹುಳು ಕಂಡರೆ ಒಂದೆರಡು ದಿನ ನೋಡಿ, ಅವು ಹೇನು ತಿನ್ನುವ ಆಳುಗಳು. ಎಸಳು ಬಿಡಿಸುವವರು ಹೂ ಶುರುವಾದ ಮೇಲೆ ಏನನ್ನೂ ಸಿಂಪಡಿಸಬಾರದು. ಆ ಎಸಳು ಯಾರದೋ ಚಹಾ ಲೋಟಕ್ಕೆ ಹೋಗುತ್ತದೆ.

ನಾರಿ-6 ಹಾಕಿದರೆ ಬಿಡಿಸುವವರ ಕೈ ಉಳಿಯುತ್ತದೆ, ಆದರೆ ಮೇಕೆಗೂ ಅದೇ ಖುಷಿ. ಸುತ್ತ ಎರಡು ಸಾಲು ಮುಳ್ಳಿನ ಅಣ್ಣಿಗೇರಿ-1 ಹಾಕಬಹುದು. ಜೇನಿನಿಂದ ಸ್ವಲ್ಪ ಮಿಶ್ರಣ ಆಗುವುದರಿಂದ, ಮುಂದಿನ ವರ್ಷದ ಬೀಜವನ್ನು ಹೊಲದ ನಡುವಿನಿಂದ ಆರಿಸಿಕೊಳ್ಳಿ.

ಎಸಳು ಬಿಡಿಸುವುದು

ಹೂ ಮೊದಲು ಹಳದಿ, ಆಮೇಲೆ ಕೇಸರಿ, ಬಾಡಿದಾಗ ಕೆಂಪು. ಹಳದಿ ಇದ್ದಾಗ ಕೀಳಬೇಡಿ. ಬಾಡಿ ಕೆಂಪಾದಾಗ ಕಿತ್ತರೆ ಅಷ್ಟರಲ್ಲಿ ಕಾಳು ಕಟ್ಟಲು ಶುರುವಾಗಿರುತ್ತದೆ, ಬೀಜದ ಇಳುವರಿಗೆ ಪೆಟ್ಟು ಬೀಳುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುತ್ತದೆ, ಬಿಸಿಲು ಏರಿದ ಮೇಲೆ ಕೈ ಹಾಕಲಾಗದು. ನೆರಳಲ್ಲಿ, ಬಟ್ಟೆ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ. ಮುರಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಬಿಗಿ ಡಬ್ಬಿಯಲ್ಲಿ ತುಂಬಿ.

ನಮ್ಮ ಸೀಮೆಗೆ ಮಾತ್ರ ಅನ್ವಯಿಸುವ ಒಂದು ಮಾತು: ಧೂಳು. ವಾಡಿ, ಶಹಾಬಾದ್, ಸೇಡಂ, ಎಲ್ಲ ಕಡೆ ಕಲ್ಲಿನ ಗಣಿ, ಸಿಮೆಂಟ್, ಫರ್ಸಿ ಕೊಯ್ಯುವ ಯಂತ್ರ, ಲಾರಿ ರಸ್ತೆ. ಬೀಜವಾದರೆ ಸಿಪ್ಪೆಯೊಳಗೆ ಇರುತ್ತದೆ. ಎಸಳನ್ನು ತೊಳೆಯಲಾಗದು, ತೊಳೆದರೆ ಹಳದಿ ಬಣ್ಣ ನೀರಿಗೆ ಬಿಡುತ್ತದೆ. ಡಿಸೆಂಬರ್‌ನಲ್ಲೇ ನಿಮ್ಮ ಹೊಲದ ಯಾವುದಾದರೂ ಅಗಲ ಎಲೆಯನ್ನು ಬಿಳಿ ಕರವಸ್ತ್ರದಿಂದ ಒರೆಸಿ ನೋಡಿ. ಬೂದಿ ಬಣ್ಣ ಹತ್ತಿದರೆ ಆ ಹೊಲದಲ್ಲಿ ಎಸಳಿನ ಆಸೆ ಬಿಟ್ಟು ಬೀಜಕ್ಕಷ್ಟೇ ಬೆಳೆಯಿರಿ.

ಮಾರುವಾಗ ಎರಡು ಎಚ್ಚರ. ಕೇಸರಿಗೆ ಕುಸುಬಿ ಎಸಳು ಕಲಬೆರಕೆ ಮಾಡುವ ದಂಧೆ ಹಳೆಯದು, ಅಂಥವರಿಗೆ ಮಾಲು ಕೊಡಬೇಡಿ. ಚೀಟಿಯ ಮೇಲೆ ಕುಸುಬಿ ಎಸಳು ಅಂತಲೇ ಬರೆಯಿರಿ. ಹಾಗೆಯೇ ರೋಗ ವಾಸಿಯಾಗುತ್ತದೆ ಅಂತ ಬರೆಯಬೇಡಿ. ಎಕಿನೇಶಿಯಾದ ಮೇಲೆ ಅಷ್ಟು ಪರೀಕ್ಷೆ ಆಗಿಯೂ ನೆಗಡಿಗೆ ಅದರಿಂದ ಎಷ್ಟು ಉಪಯೋಗ ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಕುಸುಬಿ ಎಸಳನ್ನು ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಸೇವಿಸಬಾರದು.

ಲಾಭ ಎಷ್ಟು ಅಂತ ಕೇಳುವವರಿಗೆ: ಬೀಜಕ್ಕೆ ಬೆಂಬಲ ಬೆಲೆ ಇದೆ, 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಅದು ಕ್ವಿಂಟಲ್‌ಗೆ 5,940 ರೂಪಾಯಿ ಇತ್ತು. ಎಸಳಿಗೆ ಅಂಥ ಆಸರೆ ಇಲ್ಲ, ಕೊಳ್ಳುವವರನ್ನು ನೀವೇ ಹುಡುಕಬೇಕು, ಖರ್ಚೆಲ್ಲ ಕೂಲಿಯದೇ. ಆದ್ದರಿಂದ ಮೊದಲ ವರ್ಷ ಐದು ಗುಂಟೆ ಸಾಕು. ಹೂ ಬಂದಾಗ ಒಬ್ಬರು ಸರಿಯಾಗಿ ಒಂದು ತಾಸು ಬಿಡಿಸಲಿ, ಅಷ್ಟನ್ನೇ ಬೇರೆ ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. ಆ ಗ್ರಾಂ ಲೆಕ್ಕದ ಪಕ್ಕ ನಿಮ್ಮೂರಿನ ಒಂದು ತಾಸಿನ ಕೂಲಿ ಬರೆಯಿರಿ. ಕೊಳ್ಳುವವರು ಹೇಳಿದ ಬೆಲೆ ಅದನ್ನು ದಾಟದಿದ್ದರೆ ಎಸಳು ಬಿಟ್ಟುಬಿಡಿ, ಕಾಳು ಗಾಣಕ್ಕೆ ಹಾಕಿಸಿ.