ಪೇಟ ಕಟ್ಟಿದವರೆಲ್ಲ ಹೈಫಾ ವೀರರಲ್ಲ

ಸೆಪ್ಟೆಂಬರ್ 23 ಬಂತೆಂದರೆ ಹಳೇ ಮೈಸೂರು ಸೀಮೆಯ ಅಟ್ಟಗಳಿಂದ ಫೋಟೋಗಳು ಕೆಳಗಿಳಿಯುತ್ತವೆ. ಪೇಟ, ಹುರಿಮೀಸೆ, ಸೊಂಟಕ್ಕೆ ಬೆಲ್ಟು, ಮೊಣಕಾಲವರೆಗೆ ಸುತ್ತಿದ ಬಟ್ಟೆಪಟ್ಟಿ. ಜೊತೆಗೆ ಮೊಮ್ಮಗನ ಘೋಷಣೆ: 'ನಮ್ಮ ತಾತ ಮೈಸೂರು ಲ್ಯಾನ್ಸರ್ಸ್, ಹೈಫಾದಲ್ಲಿ ಕಾದಿದವರು.'

1918ರ ಆ ದಿನ ಜೋಧಪುರದ ಸವಾರರ ಜೊತೆ ನಮ್ಮವರೂ ಹೈಫಾ ಪಟ್ಟಣ ಹಿಡಿದದ್ದು ನಿಜ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನೇ. ಆದರೆ ಒಂದು ಅಶ್ವದಳ ಅಂದರೆ ಕೆಲವು ನೂರು ಸವಾರರು ಅಷ್ಟೆ. ಈಗಿನ ಮೊಮ್ಮಕ್ಕಳ ಲೆಕ್ಕ ಹಿಡಿದರೆ ಅಂದು ಕುದುರೆಗಳೇ ಸಾಲುತ್ತಿರಲಿಲ್ಲ. 1910ರಲ್ಲಿ ಹುಟ್ಟಿದ ತಾತನನ್ನೂ ಯುದ್ಧಕ್ಕೆ ಕಳಿಸುವವರಿದ್ದಾರೆ. ಎಂಟು ವರ್ಷದ ಹುಡುಗನ ಕೈಗೆ ಭರ್ಜಿ ಕೊಟ್ಟವರು ಯಾರೋ!

ಸಮವಸ್ತ್ರ ಅಂದಕೂಡಲೇ ಸೈನ್ಯ ಅನ್ನುವುದೇ ಮೂಲ ತಪ್ಪು. ಖಾಕಿ, ಪೇಟ, ಕಾಲುಪಟ್ಟಿ ಪೊಲೀಸರಿಗೂ ಇತ್ತು, ಅರಣ್ಯದ ಗಾರ್ಡಿಗೂ ಇತ್ತು. ಗಂಡಭೇರುಂಡದ ಗುಂಡಿ ಕಂಡರೂ ಹಿಗ್ಗಬೇಡಿ. ಅದು ಇಡೀ ಸಂಸ್ಥಾನದ ಲಾಂಛನ, ಸೈನ್ಯವೊಂದರ ಸ್ವತ್ತಲ್ಲ. ಎದೆಗೆ ಅಡ್ಡಲಾಗಿ ಪಟ್ಟಿ, ನಡುವೆ ಹಿತ್ತಾಳೆ ಬಿಲ್ಲೆ ಇದ್ದರೆ ಅದು ಗುಂಡಿನ ಪಟ್ಟಿಯಲ್ಲ, ಡವಾಲಿ. ತಾತ ಕಚೇರಿಯ ಜವಾನರಾಗಿದ್ದರು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಉತ್ತರ ಕರ್ನಾಟಕದಲ್ಲಿ ಇನ್ನೂ ಸೊಗಸು: ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕರೂ ಸಮವಸ್ತ್ರ ತೊಟ್ಟು ಕವಾಯತು ಮಾಡುತ್ತಿದ್ದರು. ಬ್ರಿಟಿಷರನ್ನು ಓಡಿಸಲು ಹೊರಟ ಅಜ್ಜನನ್ನು ಮೊಮ್ಮಗ ಬ್ರಿಟಿಷರ ಸಿಪಾಯಿ ಮಾಡಿ ಕೂರಿಸುವ ಅಪಾಯ ಇಲ್ಲಿದೆ.

ಭುಜದ ಮೇಲೆ ಎರಡು ನಕ್ಷತ್ರ ಇದ್ದರೆ ಲೆಫ್ಟಿನೆಂಟೇ ಆಗಬೇಕಿಲ್ಲ. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಸುಬೇದಾರರಿಗೂ ಎರಡೇ. ಕೊಡವರ ಕುಪ್ಯ, ಚೇಲೆ, ಪೀಚೆಕತ್ತಿ ಹಬ್ಬ-ಮದುವೆಯ ಉಡುಪು, ರೆಜಿಮೆಂಟಿನದಲ್ಲ. ಕಪ್ಪು-ಬಿಳುಪಿನಲ್ಲಿ ಕೋಟಿನ ಬಣ್ಣ ಊಹಿಸುವುದಂತೂ ಬೇಡ: ಆ ಕಾಲದ ಬಹಳಷ್ಟು ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪು ರುಮಾಲು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಮೂಡುತ್ತಿತ್ತು. ಇದು ಗೊತ್ತಿಲ್ಲದ ಆಪ್ ಈಗ ಕ್ಷಣದಲ್ಲಿ ಬಣ್ಣ ಬಳಿದು, ಮಸುಕಾದ ಕಡೆ ತಾನೇ ಒಂದೆರಡು ಪದಕ ಸೃಷ್ಟಿಸಿ ಕೊಡುತ್ತದೆ. ಅದನ್ನೇ ಕಟ್ಟು ಹಾಕಿಸಿ ಹಾರ ಹಾಕುತ್ತಾರೆ! ಮನೆಯಲ್ಲಿ ಬದುಕಿರುವ ತೊಂಬತ್ತರ ಅಜ್ಜಿಯನ್ನು ಒಂದು ಮಾತು ಕೇಳುವ ವ್ಯವಧಾನವಿಲ್ಲ. ಫೋನು ಹೇಳಿದ್ದೇ ವೇದ.

ಹೈಫಾದ ಈ ಗದ್ದಲದಲ್ಲಿ ನಿಜವಾದ ಸೈನಿಕರೇ ಮರೆಯಾಗುತ್ತಾರೆ ಅನ್ನುವುದು ನನ್ನ ಸಿಟ್ಟು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದಾಗ ಮೈಸೂರು ಕಾಲ್ದಳದವರೂ ಜಪಾನಿಯರ ಸೆರೆಯಾದರು. ಅವರಿಗೆ ಕುದುರೆಯಿಲ್ಲ, ಭರ್ಜಿಯಿಲ್ಲ, ಆದ್ದರಿಂದ ಮೊಮ್ಮಕ್ಕಳಿಗೂ ಬೇಡ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ದಳದವರ ಪಾಡೂ ಹಾಗೇ. ಅಂಚಿಲ್ಲದ, ಕೊಳವೆಯಂಥ ಅವರ ಎತ್ತರದ ಟೋಪಿ ಫೋಟೋದಲ್ಲಿ ಎದ್ದು ಕಂಡರೂ 'ಲ್ಯಾನ್ಸರ್ಸ್' ಎಂದೇ ಬರೆಯುತ್ತಾರೆ.

ನಿಜ ಬೇಕಿದ್ದವರು ಮೀಸೆ ಬಿಟ್ಟು ಭುಜ ನೋಡಿ. ಅಲ್ಲಿ ಹಿತ್ತಾಳೆಯ ಅಕ್ಷರಗಳಿದ್ದರೆ ಅದೇ ದಳದ ಹೆಸರು. ಗುಂಡಿಗಳು ತಿರುವುಮುರುವಾಗಿ, ಪದಕ ಬಲ ಎದೆಯ ಮೇಲಿದ್ದರೆ ನೆಗೆಟಿವ್ ಮಗುಚಿರಬಹುದು. ಮೊದಲ ಮಹಾಯುದ್ಧದ ದುಂಡು ಬೆಳ್ಳಿ ಪದಕ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದರ ಅಂಚು ಓದಿ: ಪಡೆದವರ ಹೆಸರು, ದಳ ಅಲ್ಲೇ ಅಚ್ಚಾಗಿರುತ್ತದೆ. ಅದನ್ನು ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತದೆ.