ಒಂದು ಘನ ಅಡಿ ಮರದೊಳಗೆ ಎಷ್ಟು ನೀರು? ಊಹಿಸಿ!

ಬನ್ನಿ, ಒಂದು ಸಣ್ಣ ಪರೀಕ್ಷೆ!

ಈಗಷ್ಟೇ ಕಡಿದುರುಳಿಸಿದ ಸಾಗುವಾನಿ ದಿಮ್ಮಿ. ಅದರಿಂದ ಅಡಿ ಉದ್ದ, ಅಡಿ ಅಗಲ, ಅಡಿ ದಪ್ಪದ ಒಂದು ತುಂಡು ಕೊಯ್ದು ನಿಮ್ಮ ಮುಂದಿಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಮುಟ್ಟಿ ನೋಡಿ. ಕೈಗೆ ತುಸು ತಣ್ಣಗೆ ತಾಗುತ್ತದೆ, ಅಷ್ಟೆ. ಒಂದು ಹನಿಯೂ ಒಸರುವುದಿಲ್ಲ.

ಇದರೊಳಗೆ ನೀರು ಎಷ್ಟಿದ್ದೀತು? ಒಂದು ಲೋಟ? ಒಂದು ಚೊಂಬು? ಇಲ್ಲ ಇಲ್ಲ, ಇನ್ನೂ ಮೇಲೆ ಹೋಗಿ!

ಸುಮಾರು ಹತ್ತು ಲೀಟರ್! ಒಂದು ಕೊಡಪಾನದಷ್ಟು!

ನಂಬಿಕೆ ಬರಲಿಲ್ಲವೇ? ಲೆಕ್ಕ ಸುಲಭ. ಹಸಿ ತುಂಡನ್ನು ತೂಗಿ: 27 ಕಿಲೋ. ಅದನ್ನೇ 103 ಡಿಗ್ರಿ ಬಿಸಿಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ: 17 ಕಿಲೋ. ನಡುವಿನ ಹತ್ತು ಕಿಲೋ ಎಲ್ಲಿ ಹೋಯಿತು? ಅಷ್ಟೂ ನೀರು! ಒಣ ತೂಕಕ್ಕೆ ಹೋಲಿಸಿದರೆ ಸುಮಾರು ಶೇ. 60. ಕೆಲವು ಜಾತಿಯ ಹಸಿಮರದಲ್ಲಿ ಈ ಅಂಕಿ ಶೇ. 100 ದಾಟುವುದೂ ಉಂಟು. ಅಂದರೆ ಮರಕ್ಕಿಂತ ಮರದೊಳಗಿನ ನೀರೇ ಭಾರ!

ಈ ಕೊಡಪಾನ ಬರಿದಾಗುವ ಮೊದಲೇ ಕೀಸುಳಿ ಎತ್ತಿಕೊಂಡಿರೋ, ನಿಮ್ಮ ಮೇಜು ಕೆಟ್ಟಿತು ಅಂತಲೇ ಲೆಕ್ಕ. ಒಳ್ಳೆಯ ಮರಗೆಲಸದ ಅರ್ಧ ಕಥೆ ಉಳಿ ಹಿಡಿಯುವ ಮುಂಚೆಯೇ ನಡೆದುಹೋಗುತ್ತದೆ. ಆ ಅರ್ಧದಲ್ಲೇ ಎಷ್ಟೊಂದು ಅಚ್ಚರಿ ಇದೆ ನೋಡಿ!

ನೀರು ಹೋಗತೊಡಗಿತು ಅನ್ನಿ. ಶೇ. 60ರಿಂದ 30ಕ್ಕೆ ಇಳಿಯಿತು. ಐದು ಲೀಟರ್ ಖಾಲಿ! ಈಗ ಹೇಳಿ, ಮರ ಎಷ್ಟು ಕುಗ್ಗಿರಬಹುದು?

ಒಂದು ಕೂದಲೆಳೆಯಷ್ಟೂ ಇಲ್ಲ!

ಹೌದು! ಆ ಐದು ಲೀಟರ್ ಮರದ ಕೋಶಗಳ ಪೊಳ್ಳಿನಲ್ಲಿ ಸುಮ್ಮನೆ ತುಂಬಿಕೊಂಡಿದ್ದ ನೀರು. ಬಂತು, ಹೋಯಿತು, ಮರಕ್ಕೆ ಪರಿವೆಯೇ ಇಲ್ಲ. ಶೇ. 30ರ ಆಸುಪಾಸಿಗೆ ಬಂದ ಮೇಲೆ ನಿಜವಾದ ಆಟ ಶುರು. ಇನ್ನು ಹೊರಡುವುದು ಕೋಶಗಳ ಗೋಡೆಯೊಳಗಿನ ನೀರು. ಅದು ಹೊರಟಂತೆ ಗೋಡೆ ಕುಗ್ಗುತ್ತದೆ, ಗೋಡೆ ಕುಗ್ಗಿದಂತೆ ಹಲಗೆ ಕುಗ್ಗುತ್ತದೆ.

ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ! ಸಾಗುವಾನಿಯನ್ನು ಹಸಿಯಿಂದ ಪೂರ್ತಿ ಒಣಗಿಸಿದರೆ ಮರದ ಬೆಳವಣಿಗೆಯ ಬಳೆಗಳು ಸುತ್ತುವ ದಿಕ್ಕಿಗೆ ಶೇ. 5.8 ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಬರೀ 2.5. ಉದ್ದಕ್ಕೋ? ಶೇ. 0.2 ಕೂಡ ಸಾಮಾನ್ಯವಾಗಿ ದಾಟುವುದಿಲ್ಲ. ಒಂದೇ ಮರ, ಮೂರು ದಿಕ್ಕು, ಮೂರು ಬುದ್ಧಿ!

ಇದರಿಂದ ನಿಮಗೊಂದು ಮಂತ್ರಶಕ್ತಿಯೇ ಸಿಕ್ಕಿಬಿಡುತ್ತದೆ. ಮುಂದಿನ ಸಲ ಸಾಮಿಲ್ಲಿಗೆ ಹೋದಾಗ ಹಲಗೆಯ ಮುಖ ನೋಡಬೇಡಿ, ತುದಿ ನೋಡಿ. ಬಳೆಗಳು ಕಮಾನು ಕಮಾನಾಗಿ ಕಾಣುತ್ತವಲ್ಲ? ಆ ಹಲಗೆ ಒಣಗುವಾಗ ಯಾವ ಕಡೆಗೆ ಬಾಗುತ್ತದೆ ಅಂತ ಈಗಲೇ ಹೇಳಬಲ್ಲಿರಾ?

ತೊಗಟೆಯ ಕಡೆಯ ಮುಖ ತಗ್ಗಾಗುತ್ತದೆ, ತಿರುಳಿನ ಕಡೆಯದು ಉಬ್ಬುತ್ತದೆ! ಆ ಕಮಾನುಗಳೆಲ್ಲ ನೆಟ್ಟಗಾಗಲು ಹೊರಟ ಹಾಗೆ! ತಿಂಗಳುಗಳ ಆಚೆ ಆಗಲಿರುವುದು ಇವತ್ತೇ ತುದಿಯಲ್ಲಿ ಕಾಣುತ್ತಿದೆ! ಬಳೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತ ಗೆರೆಗಳಾಗಿ ಕಂಡವೋ, ಬಿಡಬೇಡಿ. ಅದರ ಅಗಲ ಕುಗ್ಗುವುದು ಕಮಾನಿನ ಹಲಗೆಯ ಅರ್ಧಕ್ಕಿಂತಲೂ ಕಡಿಮೆ.

ಸಾಮಿಲ್ಲಿನಲ್ಲೇ ಇದ್ದೇವಲ್ಲ, ಇನ್ನೊಂದು ಸಣ್ಣ ಗುಟ್ಟು. ದುಂಡು ದಿಮ್ಮಿಯ ಅಳತೆಗೆ ನಮ್ಮಲ್ಲಿ ರೂಢಿಯಲ್ಲಿರುವ ಲೆಕ್ಕ ಹೀಗೆ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. ಈ ಲೆಕ್ಕದಲ್ಲಿ ದಿಮ್ಮಿಯ ಎಷ್ಟು ಪಾಲು ಬಿಟ್ಟೇ ಹೋಗುತ್ತದೆ ಗೊತ್ತೇ? ಶೇ. 21ಕ್ಕೂ ಹೆಚ್ಚು! ಮೋಸವಲ್ಲ. ದುಂಡನ್ನು ಚೌಕ ಮಾಡುವಾಗ ಬದಿಚೂರು, ಹೊಟ್ಟು ಎಂದು ಹೋಗುವುದಕ್ಕೆ ಮೊದಲೇ ಕೊಟ್ಟ ರಿಯಾಯಿತಿ ಅದು.

ಈಗ ಮಂಗಳೂರಿಗೆ ಬರೋಣ. ನಿಜವಾದ ರೋಮಾಂಚನ ಇರುವುದು ಇಲ್ಲೇ!

ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗುಗಟ್ಟಲೆ ದಿಮ್ಮಿ ಹೊರದೇಶಗಳಿಂದ ಬಂದಿಳಿಯುತ್ತದೆ. ಇತ್ತ ಘಟ್ಟದ ಬುಡದಿಂದ, ತೋಟದ ಅಂಚಿನಿಂದ ಹಲಸು, ಹೆಬ್ಬಲಸು, ಸಾಗುವಾನಿ ಬರುತ್ತದೆ. ಎಲ್ಲಿಯ ಮರವೇ ಆಗಲಿ, ಈ ಊರಿಗೆ ಕಾಲಿಟ್ಟ ಮೇಲೆ ಅದು ಒಬ್ಬನೇ ಯಜಮಾನನ ಮಾತು ಕೇಳಬೇಕು. ಯಾರು ಆ ಯಜಮಾನ?

ಮಂಗಳೂರಿನ ಗಾಳಿ!

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಮಳೆಗಾಲದ ಆಟಿ ತಿಂಗಳಲ್ಲಿ ಗಾಳಿಯ ತೇವ ಶೇ. 90ರ ಹತ್ತಿರ. ಅಂಥ ಗಾಳಿಯಲ್ಲಿ ಹಲಗೆಯನ್ನು ಎಷ್ಟೇ ತಿಂಗಳು ಇಡಿ, ಅದರ ನೀರಿನ ಅಂಶ ಶೇ. 20ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಅದರ ಕೆಳಗೆ ಇಳಿಯಲು ಗಾಳಿಯೇ ಬಿಡುವುದಿಲ್ಲ! ಜನವರಿಯಲ್ಲಿ ಒಳನಾಡಿನ ಒಣಗಾಳಿ ಬೀಸಿ ತೇವ 65ಕ್ಕೆ ಇಳಿದರೆ ಅದೇ ಹಲಗೆ 12ರ ತನಕ ಇಳಿಯುತ್ತದೆ. ಮುಂದಿನ ಮಳೆಗೆ? ಮತ್ತೆ ಕುಡಿಯತೊಡಗುತ್ತದೆ!

ಕಿಲ್ನ್‌ನಲ್ಲಿ ಶೇ. 8ಕ್ಕೆ ಒಣಗಿಸಿದ ಮರ ತಂದಿದ್ದೇನೆ, ನನಗೇನು ಭಯ ಅಂದಿರಾ? ಜೂನ್‌ನಲ್ಲಿ ತೆರೆದ ಶೆಡ್ಡಿನಲ್ಲಿ ಇಟ್ಟು ನೋಡಿ. ಅದೂ ಕುಡಿಯುತ್ತದೆ!

ಈಗ ಇನ್ನೊಂದು ಊಹೆ. ಜುಲೈಯಲ್ಲಿ ಕಮಾನುಬಳೆಯ, ಒಂದಡಿ ಅಗಲದ ಸಾಗುವಾನಿ ಹಲಗೆಯಿಂದ ಮೇಜು ಮಾಡಿದಿರಿ. ಇದೇ ಊರಿನ ಕದ್ರಿಯ ಒಂದು ಫ್ಲ್ಯಾಟಿನ ಎ.ಸಿ. ಕೋಣೆಗೆ ಹೋಗಿ ಕೂತಿತು. ಆ ಕೋಣೆಯಲ್ಲಿ ಅದು ಶೇ. 10ಕ್ಕೆ ಇಳಿಯುತ್ತದೆ. ಅಗಲದಲ್ಲಿ ಎಷ್ಟು ಕಡಿಮೆ ಆಗುತ್ತದೆ?

ಕಾಲು ಇಂಚಿನ ಹತ್ತಿರ! ಒಂದೇ ಹಲಗೆಯಲ್ಲಿ! ಅಂಥ ನಾಲ್ಕು ಹಲಗೆ ಜೋಡಿಸಿದ ಮೇಜಾದರೆ ಹೆಚ್ಚುಕಡಿಮೆ ಒಂದು ಇಂಚು!

ಮೊಳೆ ಹೊಡೆದರೆ ನಿಲ್ಲುತ್ತದೆಯೇ? ಇಲ್ಲ, ಹಲಗೆ ಸೀಳುತ್ತದೆ. ವಾರ್ನಿಶ್? ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಹಳೆಯ ಮರವಾದರೆ? ಇದಂತೂ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು! ನೂರು ವರ್ಷದ ಹಂಚಿನ ಮನೆಯನ್ನು ಕೆಡವಿ ತೆಗೆದ ತೊಲೆ ಕೂಡ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತಲೇ ಇರುತ್ತದೆ! ನಮ್ಮ ಹಳೆಯ ಬಾಗಿಲುಗಳ ಹಲಗೆಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಚೌಕಟ್ಟಿನಲ್ಲಿ ಕೊರೆದ ಸಂದಿಯೊಳಗೆ ಅದು ಸಡಿಲವಾಗಿ ಕೂತಿರುತ್ತದೆ. ಕೆಲಸ ಕೆಟ್ಟದ್ದಲ್ಲ! ಹಿಗ್ಗಲು, ಕುಗ್ಗಲು ಬೇಕೆಂದೇ ಬಿಟ್ಟ ಜಾಗ ಅದು. ಅದನ್ನು ಮಾಡಿದ ಆಚಾರ್ರು ಈ ಊರಿನ ಗಾಳಿಯನ್ನು ಅರೆದು ಕುಡಿದವರು!

ಹಾಗಾದರೆ ಒಣಗಿಸುವುದು ಹೇಗೆ? ರೀಪಿನ ತುಂಡುಗಳಿಂದ!

1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹಂಚು ಲೋಕಪ್ರಸಿದ್ಧವಾಯಿತು. ಆ ಹಂಚು ಕೂರುವ ತೆಳು ಮರದ ಪಟ್ಟಿಯೇ ರೀಪು. ಅದರದ್ದೇ ತುಂಡುಗಳು ಹಸಿ ಹಲಗೆಗಳ ನಡುವೆಯೂ ಕೂರುತ್ತವೆ. ಹಲಗೆ, ರೀಪು, ಹಲಗೆ, ರೀಪು. ಗಾಳಿ ಎಲ್ಲ ಮುಖಕ್ಕೂ ತಾಗಬೇಕು. ತುಂಡುಗಳೆಲ್ಲ ಒಂದೇ ದಪ್ಪ ಇರಬೇಕು, ಒಂದರ ಮೇಲೊಂದು ನೇರ ಸಾಲಿಗೆ ಬರಬೇಕು. ಸಾಲು ತಪ್ಪಿತೋ, ಮೇಲಿನ ಭಾರಕ್ಕೆ ಹಲಗೆ ಅಲ್ಲೇ ಬಾಗಿ, ಹಾಗೆಯೇ ಒಣಗಿಬಿಡುತ್ತದೆ! ಅಟ್ಟಿ ನೆರಳಲ್ಲಿರಲಿ, ಬಿಸಿಲಿಗೆ ಬೇಡ.

ತುದಿಗಳಿಗೆ ಪೈಂಟು ಬಳಿದಿರುವುದನ್ನು ನೋಡಿದ್ದೀರಾ? ಅಲಂಕಾರಕ್ಕಲ್ಲ! ಮರದೊಳಗಿನ ನೀರು ಅಡ್ಡಕ್ಕಿಂತ ಉದ್ದಕ್ಕೆ ಹತ್ತರಿಂದ ಹದಿನೈದು ಪಟ್ಟು ಜೋರಾಗಿ ಓಡುತ್ತದೆ. ತುದಿ ಮೊದಲು ಒಣಗುತ್ತದೆ, ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿ. ಫಟ್! ತುದಿ ಸೀಳಿತು. ಒಂದು ಡಬ್ಬಿ ಪೈಂಟು ಅಡಿಗಟ್ಟಲೆ ಮರ ಉಳಿಸುತ್ತದೆ.

ಒಂದಿಂಚಿನ ಹಲಗೆ ಒಣಗುವುದಕ್ಕಿಂತ ಎರಡಿಂಚಿನದ್ದಕ್ಕೆ ಎಷ್ಟು ಪಟ್ಟು ಸಮಯ ಬೇಕು? ಎರಡು ಪಟ್ಟು ಅಂದಿರಾ? ನಾಲ್ಕರ ಹತ್ತಿರ! ಮಂಚದ ಕಾಲಿಗೆಂದು ದಪ್ಪ ಮರ ಬೇಕಿದ್ದರೆ ಇವತ್ತೇ ಕೊಯ್ಸಿ ಇಡಿ.

ಒಣಗಿತು. ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿದಿರಿ, 12 ತೋರಿಸಿತು. ನಂಬಬೇಡಿ! ಅದು ಚರ್ಮದ ಮಾತು. ಹಲಗೆಯ ನಡುವೆ ಅಡ್ಡ ಕೊಯ್ದು, ಹೊಸ ತುದಿಯ ನಟ್ಟನಡುವಿಗೆ ಚುಚ್ಚಿ. 16 ಬಂದರೂ ಬಂದೀತು! ಈಗ ಒಂದೇ ಮುಖವನ್ನು ಆಳವಾಗಿ ಕೀಸಿದಿರಿ ಅನ್ನಿ. ಒಂದು ಕಡೆ ಒಣ ಚರ್ಮ, ಇನ್ನೊಂದು ಕಡೆ ಹಸಿ ಒಡಲು. ರಾತ್ರಿ ಸಪಾಟಾಗಿದ್ದ ಹಲಗೆ ಬೆಳಗಾಗುವಷ್ಟರಲ್ಲಿ ಡೊಂಕು!

ಅದಕ್ಕೇ ಬಲ್ಲವರು ಒಂದೇ ಸಲಕ್ಕೆ ಮುಗಿಸುವುದಿಲ್ಲ. ಬೇಕಾದ್ದಕ್ಕಿಂತ ತುಸು ಉದ್ದ, ತುಸು ಅಗಲಕ್ಕೆ ಕೊಯ್ಯುತ್ತಾರೆ. ಎರಡೂ ಮುಖದಿಂದ ಸಮಸಮ ತೆಗೆಯುತ್ತಾರೆ. ಒಂದೆರಡು ಮಿಲಿಮೀಟರ್ ಬಾಕಿ ಉಳಿಸಿ ಮತ್ತೆ ರೀಪಿನ ಮೇಲೆ ಇಡುತ್ತಾರೆ. ಒಂದು ವಾರ ಅದು ಏನು ಬಾಗಬೇಕೋ ಬಾಗಲಿ! ಆಮೇಲೆ ಕೊನೆಯ ಕೀಸು.

ಆ ಕೀಸಿನಲ್ಲೂ ಒಂದು ಒಗಟು. ಡೊಂಕು ಹಲಗೆಯನ್ನು ನೇರ ಥಿಕ್ನೆಸ್ ಪ್ಲೇನರಿಗೆ ಕೊಟ್ಟರೆ ಸಪಾಟಾಗಿ ಹೊರಬರುತ್ತದೆಯೇ?

ಇಲ್ಲವೇ ಇಲ್ಲ! ಯಂತ್ರದ ರೋಲರು ಹಲಗೆಯನ್ನು ಒತ್ತಿ ನೇರ ಮಾಡುತ್ತದೆ. ಬ್ಲೇಡು ನುಣ್ಣಗೆ ಕೀಸುತ್ತದೆ. ರೋಲರಿನಿಂದ ಹೊರಬಿದ್ದ ಕ್ಷಣ ಹಲಗೆ ಮತ್ತೆ ತನ್ನ ಡೊಂಕಿಗೆ! ಮೊದಲಿಗಿಂತ ತೆಳು, ಮೊದಲಿನಷ್ಟೇ ಸೊಟ್ಟ. ಮೊದಲು ಒಂದು ಮುಖ ಸಪಾಟಾಗಬೇಕು. ಆಮೇಲೆ ಅದಕ್ಕೆ ಲಂಬವಾಗಿ ಒಂದು ಅಂಚು. ದಪ್ಪದ ಸರದಿ ಅದಾದ ಮೇಲೆ.

ಆ ಮೊದಲ ಮುಖ ಸಪಾಟಾಯಿತೆಂದು ತಿಳಿಯುವ ಉಪಕರಣ ಯಾವುದು ಹೇಳಿ? ಲೇಸರ್? ಎರಡು ಕೋಲು! ಬರೀ ಎರಡು ನೇರ ಕೋಲು! ಹಲಗೆಯ ಈ ತುದಿಗೊಂದು, ಆ ತುದಿಗೊಂದು ಅಡ್ಡ ಇಡಿ. ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಎರಡರ ಮೇಲಂಚು ಒಂದಕ್ಕೊಂದು ಸೇರುತ್ತದೆಯೇ ನೋಡಿ. ಕೋಲು ಹಲಗೆಯ ಅಗಲದ ಮೂರು ಪಟ್ಟು ಉದ್ದವಿದ್ದರೆ ತಿರುಚೂ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ! ಕರೆಂಟು ಬೇಡ, ಕಾಸು ಬೇಡ!

ಇನ್ನು ನಾರಿನ ದಿಕ್ಕು. ಬೆಕ್ಕಿನ ಮೈ ಸವರಿದ ಹಾಗೆ: ಒಂದು ಕಡೆಗೆ ನುಣುಪು, ಎದುರು ಕಡೆಗೆ ನಿಮಿರು. ಕೀಸುಳಿಯನ್ನು ನಾರು ಏರುವ ದಿಕ್ಕಿಗೆ ಓಡಿಸಿದರೆ ಸಾಕು. ಆದರೆ ಹಲಸು ಅಷ್ಟು ಸುಲಭಕ್ಕೆ ಬಗ್ಗುವ ಮರವೇ? ಬೆಳೆಯುವಾಗ ಅದರ ನಾರು ಒಂದಷ್ಟು ಪದರ ಬಲಕ್ಕೆ ಓರೆಯಾಗುತ್ತದೆ, ಮುಂದಿನ ಪದರ ಎಡಕ್ಕೆ! ಒಂದೇ ಹಲಗೆಯಲ್ಲಿ ಪಟ್ಟಿ ಪಟ್ಟಿಯಾಗಿ ಎದುರುಬದುರು ದಿಕ್ಕು. ಈ ಕಡೆಯಿಂದ ಕೀಸಿದರೂ ಕಿತ್ತು ಬರುತ್ತದೆ, ಆ ಕಡೆಯಿಂದ ಕೀಸಿದರೂ ಕಿತ್ತು ಬರುತ್ತದೆ!

ಉಪಾಯ ಉಂಟು. ಬ್ಲೇಡನ್ನು ಮಸೆಯಿರಿ, ಮತ್ತೆ ಮಸೆಯಿರಿ. ಬ್ಲೇಡಿನ ಬೆನ್ನಿಗೆ ಕೂರುವ ಎರಡನೇ ತಗಡನ್ನು ಬ್ಲೇಡಿನ ಹರಿತ ಅಂಚಿನ ತೀರಾ ಹತ್ತಿರಕ್ಕೆ ತನ್ನಿ. ಸಿಪ್ಪೆ ಆದಷ್ಟೂ ತೆಳುವಾಗಿ ಬರಲಿ. ಎಷ್ಟು ತೆಳು? ಜಪಾನಿನಲ್ಲಿ ಕೀಸುವವರ ಸ್ಪರ್ಧೆಯೇ ನಡೆಯುತ್ತದೆ. ಅಲ್ಲಿ ಗೆಲ್ಲುವ ಸಿಪ್ಪೆ 10 ಮೈಕ್ರಾನಿಗಿಂತ ತೆಳು! ನಿಮ್ಮ ತಲೆಗೂದಲು ಸುಮಾರು 70!

ಹಲಸಿನ ಮಾತು ಬಂದ ಮೇಲೆ ಅದರ ಬಣ್ಣ ಹೇಳದೆ ಹೇಗಿರಲಿ! ಕೀಸಿದ ಕೂಡಲೇ ಒಳಗಿನ ಚೇಗು ಹಳದಿ, ಕಣ್ಣು ಕುಕ್ಕುವ ಹಳದಿ! ಸುತ್ತಲಿನ ಬಿಳಿ ಮರವನ್ನು ಮುಲಾಜಿಲ್ಲದೆ ಕತ್ತರಿಸಿ ಎಸೆಯಿರಿ. ಅದರಲ್ಲಿ ಪಿಷ್ಟ ತುಂಬಿದೆ, ಹುಳಕ್ಕೆ ಅದೇ ಹಬ್ಬದೂಟ. ಯಕ್ಷಗಾನದ ಮದ್ದಳೆಯ ಕಳಸಿಗೆಗೂ ಒದಗುವ ಮರ ಈ ಹಲಸು. ಅದರ ಹಳದಿ ಮೋರಿನ್ ಎಂಬ ಬಣ್ಣದ ಕೊಡುಗೆ. ಆ ಬಣ್ಣ ಇನ್ನೆಲ್ಲಿ ಹೋಗಿದೆ ಗೊತ್ತೇ? ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಮೈಮೇಲೆ! ಹಲಸಿನ ಚಕ್ಕೆ ಕುದಿಸಿ ಚೀವರಕ್ಕೆ ಬಣ್ಣ ಕಟ್ಟುವುದು ಅಲ್ಲಿನ ಹಳೆಯ ಪದ್ಧತಿ. ನಾವು ಗುಡಿಸಿ ಒಲೆಗೆ ಹಾಕುವ ಅದೇ ಚಕ್ಕೆ!

ಆದರೆ ಆ ಹಳದಿ ಹಲಗೆಯಲ್ಲಿ ನಿಲ್ಲುವುದಿಲ್ಲ. ಬೆಳಕು ಬಿದ್ದಂತೆ ಹೊಂಬಣ್ಣ, ಆಮೇಲೆ ಕಂದು. ನೀವೇ ಮಾಡಿ ನೋಡಿ! ಹೊಸದಾಗಿ ಕೀಸಿದ ಹಲಸಿನ ತುಂಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ದಿನ ಬಿಡಿ. ಎತ್ತಿದಾಗ ಏನು ಕಾಣುತ್ತದೆಂದು ಈಗಲೇ ಊಹಿಸಿ ಮನೆಯವರಿಗೆ ಹೇಳಿಡಿ. ಮತ್ತೆ ಇಷ್ಟೆಲ್ಲ ಪಾಡುಪಟ್ಟು ತಯಾರು ಮಾಡಿದ ಹಲಗೆಯ ಮೇಲೆ ಮಟ್ಟಗೋಲನ್ನು ಮಾತ್ರ ಮರೆತು ಹೋಗಬೇಡಿ, ಅದರ ಆಕಾರವೂ ಅಲ್ಲೇ ಅಚ್ಚಾಗಿಬಿಟ್ಟೀತು!