ಭಾನುವಾರದ ಪ್ರಸಂಗ, ಬುಧವಾರದ ಓದು

ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಕಾದಂಬರಿಗಳೇ ನಮ್ಮ ಕಣ್ಣಮುಂದೆ ಬರುತ್ತವೆ. ಕೇರಿಯ ಕ್ರೈಸ್ತರು ವಾರವಾರವೂ ಓದುವ, ಓದಿಸಿ ಕೇಳುವ ಪುಸ್ತಕವೊಂದಿದೆ, ಸತ್ಯವೇದ. ಅದರ ಅರ್ಥ ಹೇಳುವ ಅಧಿಕಾರ ಯಾರದು ಎಂಬುದೂ ವಿಮರ್ಶೆಯ ಪ್ರಶ್ನೆಯೇ.

ನಮ್ಮ ಸಭೆಯಲ್ಲಿ ಅರ್ಥ ಹುಟ್ಟುವ ಜಾಗಗಳು ಎರಡು. ಒಂದು, ಭಾನುವಾರದ ಆರಾಧನೆಯ ಪ್ರಸಂಗ. ಇನ್ನೊಂದು, ಬುಧವಾರ ರಾತ್ರಿ ಯಾರದಾದರೂ ಮನೆಯಲ್ಲಿ ಚಾಪೆ ಹಾಸಿ ನಡೆಸುವ ಸತ್ಯವೇದ ಅಧ್ಯಯನ. ಪ್ರಸಂಗದಲ್ಲಿ ಒಬ್ಬರು ನಿಂತು ಹೇಳುತ್ತಾರೆ, ಉಳಿದವರು ಕೂತು ಕೇಳಿ ಆಮೆನ್ ಅನ್ನುತ್ತಾರೆ. ನಡುವೆ ಎದ್ದು "ಅದು ಹಂಗಲ್ಲ ಅಯ್ಯನೋರೆ" ಅನ್ನುವ ಪದ್ಧತಿ ಇಲ್ಲ. ಅಧ್ಯಯನದಲ್ಲಿ ಒಬ್ಬೊಬ್ಬರು ಒಂದೊಂದು ವಚನ ಓದುತ್ತಾರೆ, ಓದು ಬಾರದವರೂ ನಡುವೆ ಬಾಯಿ ಹಾಕುತ್ತಾರೆ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತಗೊಳ್ಳಿ. ದಣಿದ ಯೇಸು ಯಾಕೋಬನ ಬಾವಿಯ ಬಳಿ ಕೂತಿದ್ದಾನೆ. ಮಟಮಟ ಮಧ್ಯಾಹ್ನ. ನೀರಿಗೆ ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಯೆಹೂದ್ಯನೊಬ್ಬ ತನ್ನ ಕೈಯಿಂದ ನೀರು ಕೇಳುವುದೇ ಎಂದು ಅವಳಿಗೆ ಅಚ್ಚರಿ. ಎರಡು ಜನಾಂಗಗಳ ನಡುವೆ ಹೊಕ್ಕುಬಳಕೆ ಇರಲಿಲ್ಲ.

ನಾನು ಕೇಳಿದ ಪ್ರಸಂಗಗಳಲ್ಲಿ ಈ ಕತೆ ಅವಳ ಐದು ಗಂಡಂದಿರ ಸುತ್ತಲೇ ತಿರುಗುತ್ತದೆ. ಅವಳು ಪಾಪಿ, ನಾಚಿಕೊಂಡು ಹೊತ್ತಲ್ಲದ ಹೊತ್ತಲ್ಲಿ ಬಂದಳು, ನೀವೂ ಪಶ್ಚಾತ್ತಾಪಪಡಿ ಅಂತ ಮುಗಿಯುತ್ತದೆ. ಅಧ್ಯಾಯ ತೆರೆದು ನೋಡಿದರೆ ಯೇಸು ಅವಳನ್ನು ಎಲ್ಲೂ ಪಾಪಿ ಎಂದು ಕರೆದಿಲ್ಲ. ಮಧ್ಯಾಹ್ನವೇ ಯಾಕೆ ಬಂದಳು ಅನ್ನೋದನ್ನೂ ಬರೆದಿಲ್ಲ. ಅದು ಪ್ರಸಂಗಕಾರರು ಸೇರಿಸಿದ್ದು.

ಇದೇ ಅಧ್ಯಾಯವನ್ನು ಚಾಪೆಯ ಮೇಲೆ ಓದಿದಾಗ ಒಬ್ಬ ತಾಯಿ ಕೇಳಿದರು: "ಐದು ಜನ ಸತ್ತಿದ್ರೋ, ಬಿಟ್ಟು ಹೋಗಿದ್ರೋ? ಅದನ್ನ ಯಾರೂ ಕೇಳಲ್ವಲ್ಲ." ಈ ಪ್ರಶ್ನೆಗೆ ಸತ್ಯವೇದದಲ್ಲೇ ಆಧಾರವಿದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ತ್ಯಾಗಪತ್ರ ಬರೆದುಕೊಡುವವನು ಗಂಡ. 25ನೇ ಅಧ್ಯಾಯದಲ್ಲಿ ಗಂಡುಮಗನಿಲ್ಲದೆ ಸತ್ತವನ ಹೆಂಡತಿಯನ್ನು ಅವನ ತಮ್ಮನೋ ಅಣ್ಣನೋ ಮದುವೆಯಾಗಬೇಕು. ಅಷ್ಟರಲ್ಲಿ ಇನ್ನೊಬ್ಬರು ಅಂದರು: "ಊರೋರು ಸೇದ್ಕೊಂಡು ಹೋದ್ಮೇಲೇ ನಮ್ಮವ್ವ ನೀರಿಗೆ ಹೋಗ್ತಿದ್ದದ್ದು." ಅಲ್ಲಿಗೆ ಗಂಡಂದಿರು ಬದಿಗೆ ಸರಿದು ಕೊಡ ನಡುವಿಗೆ ಬಂತು. ಯಾರ ಪಾತ್ರೆಯ ನೀರನ್ನು ಯಾರು ಕುಡಿಯಬಹುದು? 1927ರಲ್ಲಿ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಕುಡಿದಾಗ ಎದ್ದದ್ದೂ ನೀರಿನ ಹಕ್ಕಿನ ಪ್ರಶ್ನೆಯೇ.

ಹೋಲಿಕೆಗೆ ಮಿತಿಯೂ ಇದೆ. ಸಮಾರ್ಯರು ನಮ್ಮಂತೆ ಅಸ್ಪೃಶ್ಯರಲ್ಲ. ಯಾವ ಬೆಟ್ಟದಲ್ಲಿ ದೇವರನ್ನು ಆರಾಧಿಸಬೇಕು ಎಂಬ ಜಗಳವೂ ಅಲ್ಲಿತ್ತು. ಯೆಹೂದ್ಯರನ್ನೆಲ್ಲ ಮೇಲ್ಜಾತಿ ಮಾಡಿಬಿಟ್ಟರೆ ಯೇಸುವೂ ಯೆಹೂದ್ಯನೇ ಎಂಬುದನ್ನು ಮರೆತಂತೆ.

ಇಂಥ ಓದಿಗೆ ಪಂಡಿತರ ದಾರಿಯೂ ಉಂಟು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣವನ್ನು ದಲಿತ ದೇವತಾಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಮುಂದೆ ಅವರು ಧರ್ಮೋಪದೇಶಕಾಂಡದ 26ನೇ ಅಧ್ಯಾಯದ ಅರಿಕೆಯನ್ನು, ಅಂದರೆ ಅಲೆಮಾರಿ ಪೂರ್ವಜನ, ದಾಸತ್ವದ, ಬಿಡುಗಡೆಯ ನೆನಪನ್ನು, ದಲಿತರ ನೆನಪಿನ ಜೊತೆ ಇಟ್ಟು ಓದಿದರು. ಆ ಓದು ನಮ್ಮ ಪ್ರಸಂಗಪೀಠ ಹತ್ತಿದ್ದನ್ನು ನಾನು ಕಂಡದ್ದು ಅಪರೂಪ.

ಇದು ಬರೀ ಓದಿನ ತಕರಾರಲ್ಲ. "ಕ್ರಿಸ್ತನಲ್ಲಿ ಜಾತಿಯಿಲ್ಲ" ಅಂತ ಪೀಠದಿಂದ ಹೇಳುತ್ತಾರೆ. ಅದು ಸಭೆ ಹೇಗಿರಬೇಕು ಎಂಬ ಮಾತು, ಸಭೆ ಹೇಗಿದೆ ಎಂಬ ವರದಿಯಲ್ಲ. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತ ದಲಿತರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. ದಲಿತ ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು. ಧರ್ಮದ ಈ ಷರತ್ತನ್ನು ತೆಗೆಯಿರಿ ಎಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಆಯೋಗ ನೇಮಿಸಿತು. ಮತಾಂತರವಾದರೂ ಕೇರಿ ಬದಲಾಗಲಿಲ್ಲ, ಊರಿನವರ ನೋಟವೂ ಬದಲಾಗಲಿಲ್ಲ. ಹೀಗಿರುವಾಗ ನಮ್ಮಲ್ಲಿ ಜಾತಿಯೇ ಇಲ್ಲ ಅನ್ನುವ ಪ್ರಸಂಗ, ಆ ಆದೇಶಕ್ಕೆ ಆಮೆನ್ ಹೇಳಿದಂತೆ.

ಸಂಘಟನೆಯ ಗೆಳೆಯರು ಅಧ್ಯಯನ ಕೂಟವನ್ನು ಬರೀ ಭಜನೆ ಅಂತ ತಳ್ಳಿಹಾಕಬಾರದು. ಪ್ರಶ್ನೆ ಕೇಳುವ ಅಭ್ಯಾಸ ಅಲ್ಲಿ ಬೆಳೆಯುತ್ತಿದೆ. ಸಭಾಪಾಲಕರೂ ಬುಧವಾರದ ಪ್ರಶ್ನೆಗಳನ್ನು ಕೇಳಿಸಿಕೊಂಡು ಭಾನುವಾರ ಪೀಠ ಹತ್ತಲಿ. ಆ ಹೆಂಗಸು ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋಗಿ ಮಾತಾಡಿದಳು, ಅವಳ ಮಾತಿನಿಂದಲೇ ಅನೇಕರು ನಂಬಿದರು ಎಂದು ಅದೇ ಅಧ್ಯಾಯ ಹೇಳುತ್ತದೆ. ಆ ಊರಿನಲ್ಲಿ ಮೊದಲ ಪ್ರಸಂಗ ಮಾಡಿದವಳು ಅವಳೇ.